ಕಾಜಾ ಚಿಕ್ಕಮ್ಮನ ಹಿತ್ತಿಲ ಗೋಡೆ

ನಮ್ಮ ಬೀದಿಯ ಮೂಲೆಮನೆಯ ಬಾಗಿಲ ಪಕ್ಕ ಒಂದು ಹಿತ್ತಾಳೆ ಫಲಕವಿದೆ: ಸಂರಕ್ಷಿತ ಕಟ್ಟಡ. ಅದನ್ನು ಜಡಿದು ಹೋದ ಇಲಾಖೆಯವರು ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಿಲ್ಲ. ಕಿಟಕಿ ಬದಲಿಸಬೇಡಿ, ಗೋಡೆ ಒಡೆಯಬೇಡಿ ಎನ್ನಲು ಅವರಿಗೆ ಬಾಯಿ ಇದೆ. ಉದುರುತ್ತಿರುವ ಗೋಡೆಗೆ ಏನು ಮಾಡಲಿ ಎಂದು ಕೇಳಿದರೆ ಅದೇ ಬಾಯಿಗೆ ಬೀಗ. ಕಟ್ಟಡ ಪಟ್ಟಿಯಲ್ಲಿದೆ. ಅದರೊಳಗೆ ಬದುಕುವವರು ಯಾವ ಪಟ್ಟಿಯಲ್ಲೂ ಇಲ್ಲ.

ಬದುಕುವವಳು ಕಾಜಾ ಚಿಕ್ಕಮ್ಮ. ಬೀದಿಯ ಅರ್ಧ ಜನರ ಅಂಗಿಗೆ ಕಾಜಾ ಹೊಲಿದು ಗುಂಡಿ ಹಾಕಿದ ಕೈ ಅವಳದು. ಕೆಳಗಿನ ಕೋಣೆಯೇ ಅಂಗಡಿ: ಕಿಟಕಿಗೆ ಮುಖ ಮಾಡಿದ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಬಿಸ್ಕತ್ತಿನ ಡಬ್ಬಗಳ ತುಂಬ ಗುಂಡಿ. ಮಲಗುವುದು ಮೇಲೆ. ಬಚ್ಚಲೂ ಮೇಲೆಯೇ, ಕಡಿದಾದ ಮರದ ಮೆಟ್ಟಿಲು ಹತ್ತಿ. ಅವಳೂ ಅವಳ ಅಕ್ಕನೂ ಹುಟ್ಟಿದಾಗಿನಿಂದ ಆ ಮನೆಯಲ್ಲಿ ಜೊತೆಗಿದ್ದವರು. ಅಕ್ಕ ಕತ್ತರಿಸುವವಳು, ತಂಗಿ ಹೊಲಿಯುವವಳು. ದಿನವಿಡೀ ಜಗಳ. ಅದನ್ನು ಕೇಳಲೆಂದೇ ಕೆಲವರು ಅಳತೆ ಕೊಡಲು ಬರುತ್ತಿದ್ದರು.

ಅಕ್ಕ ಅದೇ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಯವರು ಅವಳನ್ನು ಆರೈಕೆ ಮನೆಗೆ ಕಳಿಸಿದರು. ಕೆಳಗೆ ಬಚ್ಚಲಾಗುವ ತನಕ ಮನೆಗೆ ಬಿಡುವ ಹಾಗಿಲ್ಲ ಎಂದರು ಅಲ್ಲಿಯವರು. ಪ್ರತಿ ಸಂಜೆ ಫೋನಿನಲ್ಲಿ ಒಂದೇ ಮಾತು.

“ನನ್ನ ಮಂಚ ಎಲ್ಲಿ ಹಾಕ್ತೀಯೆ?”

“ನನ್ನ ತಲೆ ಮೇಲೆ. ಮೊದ್ಲು ನಡಿಯೋದು ಕಲಿ.”

ಒಂದು ಸಂಜೆ ಅಕ್ಕ ಆ ಪ್ರಶ್ನೆ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಊಟ ಆಯ್ತಾ, ಆಯ್ತು, ಇಡ್ಲಾ, ಇಡು. ಚಿಕ್ಕಮ್ಮನಿಗೆ ಗೊತ್ತಾಯಿತು: ಇನ್ನು ತಡ ಮಾಡಿದರೆ ಬಚ್ಚಲು ಬರುತ್ತದೆ, ಅಕ್ಕ ಬರುವುದಿಲ್ಲ.

“ಹಿತ್ತಿಲ ಗೋಡೆ ಒಡ್ದು ಒಂದು ಬಚ್ಚಲು ಎಳ್ಕೊಳ್ಳೋಣ ಬಿಡಿ, ಯಾರಿಗೂ ಗೊತ್ತಾಗಲ್ಲ” ಎಂದ ಅವಳು ಕರೆಸಿದ ಗಾರೆ ಮೇಸ್ತ್ರಿ. ಆದರೆ ಅವಳು ಹೇಳದೆ ಕೇಳದೆ ಮಾಡುವವಳಲ್ಲ. ಇಲಾಖೆಗೆ ಹೋದಳು.

“ಸಂರಕ್ಷಣಾ ಆರ್ಕಿಟೆಕ್ಟ್ ಕೈಲಿ ನಕ್ಷೆ ಮಾಡಿಸ್ಕೊಂಡು ಬನ್ನಿ” ಎಂದ ಗುಮಾಸ್ತ.

“ಯಾರಪ್ಪ ಅದು?”

“ಹಳೇ ಕಟ್ಟಡಕ್ಕೇಂತಲೇ ಓದಿದೋರು.”

“ಎಲ್ಲಿ ಸಿಗ್ತಾರೆ?”

“ಅದು ನಮ್ಮ ಕೆಲಸ ಅಲ್ಲ.”

ಅಂಥವರು ಅರಮನೆಗಳಿಗೆ ಮಾತ್ರ, ಹೊಲಿಗೆ ಅಂಗಡಿಗೆ ಬರುವವರಲ್ಲ ಎಂದು ನಮ್ಮೆಲ್ಲರ ತಲೆಗೆ ತುಂಬಿದವರು ಯಾರೋ. ಚಿಕ್ಕಮ್ಮ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಹಳೆಯ ಗ್ರಂಥಾಲಯದ ದುರಸ್ತಿಗೆ ಸಾರವೆ ಕಟ್ಟಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಅದರ ಕೆಳಗೆ ನಿಂತು ಕೂಗಿದಳು: “ಮೇಲಿರೋರೇ, ಸ್ವಲ್ಪ ಕೆಳಗೆ ಬರ್ತೀರಾ? ನನ್ನ ಮನೇನೂ ಹಳೇದೇ.” ಮೊಣಕಾಲ ತನಕ ಸುಣ್ಣ ಮೆತ್ತಿದ ಹೆಂಗಸೊಬ್ಬಳು ಇಳಿದು ಬಂದಳು. ಗುಮಾಸ್ತ ಹೇಳಿದಂಥ ಆರ್ಕಿಟೆಕ್ಟ್ ಅವಳೇ. ಕೇಳಿಸಿಕೊಂಡು, ಮುಂದಿನ ವಾರ ಬಂದು ನೋಡುತ್ತೇನೆ ಎಂದಳು. ಅವಳು ಬರುವಷ್ಟರಲ್ಲೇ ಬೀದಿ ಅವಳಿಗೆ ‘ಕಟ್ಟಡದ ಡಾಕ್ಟರಮ್ಮ’ ಎಂದು ಹೆಸರಿಟ್ಟಾಗಿತ್ತು.

ಎಡವಟ್ಟಾದದ್ದು ಇಲ್ಲಿ. ಬರುವವರ ಮುಂದೆ ಹರಿದ ರವಿಕೆಯಲ್ಲಿ ನಿಲ್ಲುವ ಜಾಯಮಾನ ಚಿಕ್ಕಮ್ಮನದಲ್ಲ. ಹಿತ್ತಿಲ ಗೋಡೆಯ ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿಯುತ್ತಿತ್ತು. ಮೇಸ್ತ್ರಿಯನ್ನು ಕರೆಸಿ ಅಡಿಯಿಂದ ಮುಡಿಯವರೆಗೆ ಸಿಮೆಂಟು ಬಳಿಸಿದಳು. ಮೇಲೆ ತಿಳಿ ಹಸಿರು ಬಣ್ಣ.

ಡಾಕ್ಟರಮ್ಮ ಬಂದಳು. ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿದಳು, ಕಿವಿ ಇಟ್ಟಳು.

“ಇದನ್ನ ಯಾವಾಗ ಮಾಡ್ಸಿದ್ರಿ?”

“ಮೊನ್ನೆ. ನೀವು ಬರ್ತೀರಂತಲೇ.”

ಡಾಕ್ಟರಮ್ಮನ ಮುಖ ನೋಡಿದೊಡನೆ ಚಿಕ್ಕಮ್ಮನಿಗೆ ತಿಳಿಯಿತು. “ಕೆಡಿಸ್ಬಿಟ್ನಾ?”

“ಇದು ಸುಣ್ಣದ ಗಾರೆ ಗೋಡೆ. ಉಸಿರಾಡುತ್ತೆ. ನೆಲದಿಂದ ಏರಿದ ತೇವ ಆರಿ ಹೋಗ್ತಿತ್ತು. ಈಗ ಬಿರು ಬಿಸಿಲಲ್ಲಿ ರೈನ್‌ಕೋಟ್ ತೊಡಿಸಿದ ಹಾಗಾಗಿದೆ. ಒಳಗೇ ಬೆವರ್ತದೆ, ಇಟ್ಟಿಗೆ ಪುಡಿಯಾಗ್ತದೆ. ಹುಷಾರಾಗಿ ಕೆತ್ತಿ ತೆಗೀಬೇಕು. ಒಣಗೋಕೆ ತಿಂಗಳುಗಟ್ಟಲೆ ಬೇಕು. ಅಲ್ಲಿ ತನಕ ಇದಕ್ಕೆ ಆನಿಸಿ ಏನೂ ಕಟ್ಟೋ ಹಾಗಿಲ್ಲ.”

ಚಿಕ್ಕಮ್ಮ ಒಳಗೆ ಬಂದು ಮಿಷನ್ನಿನ ಮುಂದೆ ಕುಳಿತಳು. “ಅಷ್ಟು ದಿನ ಅವಳು ಕಾಯಲ್ಲ ಮೇಡಂ. ಕೇಳೋದೇ ನಿಲ್ಸಿದ್ದಾಳೆ.” ಮಂಚದ ಪ್ರಶ್ನೆಯನ್ನೂ, ಅದು ನಿಂತುಹೋದದ್ದನ್ನೂ ಹೇಳಿದಳು. ತಾನು ಬಳಿಸಿದ ಹಸಿರು ಬಣ್ಣದ ಕಡೆ ತಿರುಗಿ ನೋಡಲು ಅವಳಿಗೆ ಆಗಲಿಲ್ಲ.

ಡಾಕ್ಟರಮ್ಮ ಚೀಲಕ್ಕೆ ಕೈ ಹಾಕಿದಳು. ಟೇಪು ಹಿಡಿದು ಹಿತ್ತಿಲಿಗೆ ಹೋದಳು. ಗೋಡೆಯಿಂದ ನೆಲದ ಕಡೆ, ನೆಲದಿಂದ ಹಳೆಯ ಹಿತ್ತಿಲ ಬಾಗಿಲ ಕಡೆ ನೋಡಿದಳು. ಒಳಗೆ ಬಂದು ಕತ್ತರಿಸುವ ಮೇಜಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಗೆರೆ ಎಳೆದಳು. ಗೋಡೆಯನ್ನು ಮುಟ್ಟದೆ, ಒಂದು ಮಾರು ದೂರದಲ್ಲಿ, ಮರದ ಚೌಕಟ್ಟಿನ ಪುಟ್ಟ ಬಚ್ಚಲು. ಬಾಗಿಲಿನಿಂದ ಅಲ್ಲಿಯವರೆಗೆ ಮೇಲೊಂದು ಸಣ್ಣ ಸೂರು, ಕೆಳಗೆ ಗಾಲಿಕುರ್ಚಿ ಉರುಳುವ ಇಳಿಜಾರು. ಇರುವ ಬಾಗಿಲೇ ಸಾಕು.

“ನಾಳೆ ಬೇಡ ಅಂದ್ರೆ ಗೋಡೆಗೆ ಗಾಯ ಆಗದ ಹಾಗೆ ಬಿಚ್ಚಿ ತೆಗೀಬಹುದು” ಎಂದಳು.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ನಕ್ಕ. “ತೆಗೆಯೋಕೆ ಬರೋ ಹಾಗೆ ಕಟ್ಟೋದಾದ್ರೆ ಕಟ್ಟೋದ್ಯಾಕೆ ತಾಯೀ?”

“ಕಚ್ಚಾ ಹೊಲಿಗೆ ಕಣೋ” ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತಾ. “ಬಟ್ಟೆ ಹರೀದೆ ಬಿಚ್ಚೋಕೆ ಬರುತ್ತೆ. ನಿನಗೆಲ್ಲಿ ಗೊತ್ತು, ನೀನು ಸಿಮೆಂಟಲ್ಲೇ ಹುಟ್ದೋನು.”

ನಕ್ಷೆ ಇಲಾಖೆಗೆ ಹೋಯಿತು. ಎರಡು ಸಲ ವಾಪಸು ಬಂತು. ಎರಡು ಸಲವೂ ಡಾಕ್ಟರಮ್ಮನೇ ಹೋಗಿ ಆ ಗುಮಾಸ್ತನ ಮುಂದೆ ಕುರ್ಚಿ ಎಳೆದು ಕುಳಿತಳು. ಇಂಥವಳನ್ನು ಹುಡುಕುವ ಹೊಣೆಯನ್ನು ಸೊಂಟ ಮುರಿದವಳ ತಂಗಿಯ ತಲೆಗೆ ಕಟ್ಟಿ, ಫಲಕ ಹೊಳೆಯುವುದನ್ನು ನೋಡಿ ಹಿಗ್ಗುವ ಇಲಾಖೆಗೆ ನಾಚಿಕೆಯಾಗಬೇಕು. ಆಗುವುದಿಲ್ಲ, ಗೊತ್ತು. ಆದರೂ ಬರೆಯುತ್ತೇನೆ.

ಒಪ್ಪಿಗೆ ಬಂದ ಸಂಜೆ ಫೋನಿನಲ್ಲಿ ತಂಗಿಯೇ ಕೇಳಿದಳು. “ನಿನ್ನ ಮಂಚ ಎಲ್ಲಿ ಹಾಕ್ಲೆ?”

ಆ ಕಡೆಯಿಂದ ಅಕ್ಕನ ದನಿ: “ಕತ್ತರಿಸೋ ಮೇಜಿನ ಪಕ್ಕ. ನೀನು ಬಟ್ಟೆ ಹಾಳು ಮಾಡೋದು ಕಾಣ್ಬೇಕಲ್ಲ.”

ಅಕ್ಕ ಬಂದಾಗ ಹೊಸ ಬಚ್ಚಲಿನ ಮರ ಇನ್ನೂ ವಾಸನೆಯಾಡುತ್ತಿತ್ತು. ಹಿತ್ತಿಲ ಗೋಡೆ ಸಿಮೆಂಟು ಕಳಚಿಕೊಂಡು ಬರಿಮೈಯಲ್ಲಿ ಬಿಸಿಲಿಗೆ ನಿಂತಿತ್ತು. ಗಾಲಿಕುರ್ಚಿಯನ್ನು ಅದರ ಮುಂದೆ ನಿಲ್ಲಿಸಲು ಹೇಳಿ ಅಕ್ಕ ಅಂಗೈ ಚಾಚಿದಳು.

“ಇದೇನೇ, ಇಷ್ಟು ತಣ್ಣಗಿದೆ?”

“ನಾನೇ ಕೆಡಿಸ್ದೆ. ಒಣಗ್ತಾ ಇದೆ. ಇನ್ನೂ ತಿಂಗಳುಗಳು ಬೇಕಂತೆ.”

“ಒಣಗ್ಲಿ ಬಿಡು” ಎಂದಳು ಅಕ್ಕ, ಕೈ ತೆಗೆಯದೆ. “ನಾನೂ ಇಲ್ಲೇ ಇರ್ತೀನಲ್ಲ.”