ಸಿವುಡು ಕಟ್ಟಲು ಕಲಿತ ನಟ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಹಳಿಯಾಳದ ಹತ್ತಿರ ನಾವು ಭತ್ತ ಕೊಯ್ಯುತ್ತಿದ್ದ ಗದ್ದೆಗೆ ಸಿನಿಮಾದವರು ಬಂದಿದ್ದರು. ಕೊಲೆಗಾರನೊಬ್ಬ ಕೂಲಿಯವನಾಗಿ ಅಡಗಿರುವ ಕಥೆ, ಕೇಳಿದರೆ ನಗು ಬರುವಂಥದ್ದು. ಆ ಪಾತ್ರಕ್ಕೆ ನಾಡೆಲ್ಲ ಕೈಮುಗಿಯುವ ಹಿರಿಯ ನಟ! ಅವರು ಕಟ್ಟಿದ ಭತ್ತದ ಸಿವುಡು, ಅಂದರೆ ಕೊಯ್ದ ಪೈರಿನ ಕಟ್ಟು, ನಾನು ಎತ್ತಿದ ಕೂಡಲೇ ಬಿಚ್ಚಿಕೊಂಡಿತು.

“ಎಮ್ಮಿ ಬಾಯಾಗಿನ ಹುಲ್ಲು ಇದಕ್ಕಿಂತ ಬಿಗಿ ಇರ್ತೈತ್ರಿ. ಇಷ್ಟು ದೊಡ್ಡವರು ಇಂಥಾ ಹುಚ್ಚು ಸಿನಿಮಾಕ್ಕ ಯಾಕ ಬಂದ್ರಿ?” ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. “ಕಥೆ ಸುಮಾರು ಅಂತ ನನಗೂ ಗೊತ್ತಮ್ಮ. ಇಷ್ಟು ವರ್ಷ ಬರೀ ಸಾಹುಕಾರ, ಜಡ್ಜ್ ಆದೆ. ಕೂಲಿಯವನ ಪಾತ್ರ ಸಿಕ್ಕಿದ್ದು ಇದೊಂದೇ. ಸರಿಯಾಗಿ ಕಲಿಸಿ.”

ಕ್ಯಾಮೆರಾದವರು ಸಾಕೆಂದರೂ ಬಿಡದೆ, ಅಂಗೈ ಗೀರಿಕೊಂಡು ಮಧ್ಯಾಹ್ನದವರೆಗೆ ಕಟ್ಟಿದರು. ಕೊನೆಯ ಸಿವುಡನ್ನು ನಾನು ಜೋರಾಗಿ ಝಾಡಿಸಿದೆ. ಒಂದು ಕಡ್ಡಿಯೂ ಉದುರಲಿಲ್ಲ. ಆಮೇಲೆ ಟಿವಿಯಲ್ಲಿ ಆ ಸಿನಿಮಾ ನೋಡಿದೆ. ಕಥೆ ಕೆಟ್ಟದ್ದೇ, ಆ ಕೈ ಮಾತ್ರ ಸುಳ್ಳಲ್ಲ.

ಗದ್ದೆಯ ಯಜಮಾನ ಬಾಯಿಗೆ ಬಂದಂತೆ ಬೈಯುತ್ತಾನೆಂಬ ಸಿಟ್ಟಿಗೆ ಸಿನಿಮಾದವರು ಬಂದಿದ್ದ ಆ ವಾರವೆಲ್ಲ ನಾನೂ ಬೇಕೆಂದೇ ಸಿವುಡು ಸಡಿಲ ಕಟ್ಟಿದ್ದೆ. ಅವರಿಗೆ ಕಲಿಸಿದ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ನನ್ನ ಸಿವುಡುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದೆ.