ಕಾಟಾ ಸುಮ್ಮನಿದ್ದಾಗ

ಗಾಂಧಿ ಗಂಜ್ ಎಂಬ ಕಾಳಿನ ಮಾರುಕಟ್ಟೆಯಲ್ಲಿ, ದಲಾಲಿ ವ್ಯಾಪಾರದ ಒಂದು ಅಡತಿ ಅಂಗಡಿಯಲ್ಲಿ ತೂಕದ ಕಾಟಾವನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸ ನನ್ನದಾಗಿತ್ತು. ತೂಕ ತೋರಿಸುವ ಪ್ರೋಗ್ರಾಮು ನೇರವಾಗಿ ಕಾಟಾವನ್ನು ಮುಟ್ಟಲಾರದು. ಅದು ಕಂಪ್ಯೂಟರಿನ ಒಳಗಿನ ಯಜಮಾನನಾದ ಕರ್ನಲ್ಲನ್ನು ಕೇಳುತ್ತದೆ. ಅಲ್ಲಿರುವ ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಮು ಕಾಟಾವನ್ನು ವಿಚಾರಿಸಿ ಉತ್ತರ ತಂದುಕೊಡುತ್ತದೆ. ಆ ಡ್ರೈವರ್ ಬರೆದವನು ನಾನು. ಕಾಟಾ ಉತ್ತರಿಸದಿದ್ದರೆ ದೋಷವೆಂದು ತಿಳಿಸಬೇಕು, ಅದು ನಿಯಮ. ಆದರೆ ಪರದೆಯ ಮೇಲೆ ಕೆಂಪಕ್ಷರ ಕಂಡರೆ ನನ್ನ ಕೆಲಸವೇ ಕೆಟ್ಟದ್ದು ಅಂದಾರು ಎಂದು ಅಳುಕಿ, ಹಿಂದಿನ ತೂಕವನ್ನೇ ಮತ್ತೆ ಕೊಡುವಂತೆ ಬರೆದಿದ್ದೆ.

ಒಂದು ಮಧ್ಯಾಹ್ನ ಭಾತಂಬ್ರಾ ಊರಿನ ಹಿರಿಯ ಹಮಾಲರೊಬ್ಬರು ತೊಗರಿಯ ಮೂರನೇ ಚೀಲವನ್ನು ಕಾಟಾದ ಮೇಲಿಟ್ಟು ಪರದೆ ನೋಡಿದರು. ಚೀಲವನ್ನು ಮತ್ತೊಮ್ಮೆ ಎತ್ತಿ ನೋಡಿದರು.

“ಇದು ಹಗುರ ಅದರಿ ಸಾಹೇಬ್ರ. ಮೂರು ಚೀಲಕ್ಕೂ ಒಂದೇ ತೂಕ ಹ್ಯಾಂಗ ಬರ್ತದರಿ?”

ಬಗ್ಗಿ ನೋಡಿದೆ. ಕಾಟಾದ ವೈರು ಕಿತ್ತುಬಂದಿತ್ತು. ಅವರಿಗೆ ತೋರಿಸಿದೆ.

“ಮತ್ತ ಗೊತ್ತಿಲ್ಲ ಅಂತ ಹೇಳಬೇಕಿತ್ತಲ್ಲರಿ ಅದು?”

“ಹೇಳಬ್ಯಾಡ ಅಂತ ನಾನೇ ಬರ್ದೀನ್ರಿ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಕುಳಿತು ಡ್ರೈವರಿನ ಎರಡು ಸಾಲು ತಿದ್ದಿದೆ. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಅದನ್ನು ನೋಡಿದ ಅವರು, ಮುಂಜಾನೆ ಇದೇ ಕಾಟಾದಲ್ಲಿ ತೂಗಿದ ಚೀಲ ತುಂಬಿಕೊಂಡು ಲಾರಿ ಹೋದ ದಾರಿಯತ್ತ ತಿರುಗಿದರು.

“ಆ ಲಾರ್‍ಯಾಗ ಹೋದ ಚೀಲದ ತೂಕ ಖರೇ ಅದ ಏನ್ರಿ?”

“ಗೊತ್ತಿಲ್ರಿ” ಎಂದೆ. ನಾನು ಬರೆದ ಡ್ರೈವರಿಗೆ ಆಡಗೊಡದ ಮಾತನ್ನು ಕೊನೆಗೆ ನಾನೇ ಆಡಬೇಕಾಯಿತು.