ಪಟ್ಟಿಯ ಕೊನೆಯಲ್ಲಿ ಲೊರೇನ್

ಸ್ಪೊಕೇನ್ ನಗರದ ನಮ್ಮ ಸೂಪರ್‌ಮಾರ್ಕೆಟ್ಟಿನ ಮಾಂಸದ ವಿಭಾಗದಲ್ಲಿ ಲೊರೇನ್ ಹಾಗನ್ ಇಪ್ಪತ್ನಾಲ್ಕು ವರ್ಷ ದುಡಿದವರು. ನಾನಿರುವ ಸಿದ್ಧ ಅಡುಗೆಯ ಕೌಂಟರಿಗೆ ಜನ ಸಾಲದಾದಾಗ ಮ್ಯಾನೇಜರ್ ಡ್ವೈಟ್ ಲೊರೇನ್‌ರನ್ನು ಗೋಗರೆದು ಕರೆತಂದ.

"ಎರಡೇ ತಿಂಗಳು ಲೊರೇನ್. ನಿಮ್ಮ ಜಾಗ ಏನು ಓಡಿಹೋಗುತ್ತಾ?"

ಬೆರಳು ಕೊಯ್ದುಕೊಳ್ಳದೆ ಯಂತ್ರದಲ್ಲಿ ಹ್ಯಾಮ್ ಹೋಳು ಮಾಡುವುದನ್ನು ನನಗೆ ಕಲಿಸಿದ್ದು ಅವರೇ. ಎರಡು ತಿಂಗಳು ಎಂಟಾಯಿತು; ಅಷ್ಟರಲ್ಲಿ ಅವರ ಹಳೆಯ ಜಾಗದಲ್ಲಿ ಬೇರೊಬ್ಬರಿದ್ದರು. ಮಾಂಸದವರ ಯೂನಿಯನ್ ಒಪ್ಪಂದವೇ ಬೇರೆ, ನಮ್ಮದೇ ಬೇರೆ. ಅವರ ಇಪ್ಪತ್ನಾಲ್ಕು ವರ್ಷ ನಮ್ಮಲ್ಲಿ ಲೆಕ್ಕಕ್ಕೇ ಬರಲಿಲ್ಲ. ಪಾಳಿ ಆರಿಸಿಕೊಳ್ಳುವ ಸೇವಾ ಹಿರಿತನದ ಪಟ್ಟಿಯಲ್ಲಿ ಅವರ ಹೆಸರು ನನ್ನ ಕೆಳಗೆ, ಕಟ್ಟಕಡೆಗೆ ಬಂತು.

ಉಳಿದಿದ್ದು ಒಂದೇ ಬೆಳಗಿನ ಪಾಳಿ; ಮಿಕ್ಕವೆಲ್ಲ ಮಧ್ಯಾಹ್ನದಿಂದ ರಾತ್ರಿಯವರೆಗೆ. ಮಧ್ಯಾಹ್ನ ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಅವರಿಗೆ ಅದೇ ಬೇಕು. ನನ್ನ ಮಗಳ ಶಿಶುವಿಹಾರವೋ ಐದಕ್ಕೆ ಮುಚ್ಚುತ್ತದೆ. ಒಂದು ನಿಮಿಷ ತಡವಾದರೂ ನನಗೆ ಏನೇನೋ ಕೆಟ್ಟ ಯೋಚನೆ.

"ನೀವೇ ಹೇಳಿ, ಏನ್ ಮಾಡ್ಲಿ?" ಎಂದೆ.

"ನನ್ನನ್ನೇನ್ ಕೇಳ್ತೀಯ ತಾಯಿ? ಬರಿ ಬರಿ, ಸೀನಿಯರ್ ನೀನಲ್ವಾ!" ಎಂದು ತಮ್ಮ ಪೆನ್ನನ್ನೇ ಚಾಚಿದರು.

ಬೆಳಗಿನ ಪಾಳಿಗೆ ನನ್ನ ಹೆಸರು ಬರೆದೆ. ಅಂದಿನಿಂದ ಅವರು ನನ್ನನ್ನು ಮೇಡಂ ಎಂದೇ ಕರೆಯುತ್ತಾರೆ.